ಇಲಿಗಳ ಪಂಕ್ತಿಭೇದ

ಚಿಂತೆ ಮಾಡಲು ಕಾರಣ ಬೇಕು ಎನ್ನುವವರು ಆ ವಿದ್ಯೆಯಲ್ಲಿ ಇನ್ನೂ ಪಳಗಿಲ್ಲ ಎಂದೇ ನನ್ನ ಅಭಿಪ್ರಾಯ. ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟರೆ ಬಸ್ಸು ತಪ್ಪೀತೆಂದು ಚಿಂತಿಸುವವನು ನಾನು. ಬಸ್ಸೂ ಸಿಕ್ಕಿ ಕಿಟಕಿಯ ಪಕ್ಕದ ಸೀಟೂ ದೊರೆತರೆ, ಎಲ್ಲ ಇಷ್ಟು ಸಲೀಸಾಗಿ ಆಗುತ್ತಿದೆಯಲ್ಲ, ಮುಂದೇನು ಕಾದಿದೆಯೋ ಎಂದು ಚಿಂತಿಸುವವನೂ ನಾನೇ. ಇಂಥವನು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ, ಒಂದೆಲಗ ಸೊಪ್ಪಿನ ಸತ್ವ ತಿನ್ನಿಸಿದರೆ ಇಲಿಗಳ ಆತಂಕ ಕಡಿಮೆಯಾಗುತ್ತದೆಯೇ ಎಂಬುದು. "ಇಲಿಗೆ ಎಂತ ಆತಂಕ? ನಿಂಗಳ ಕೈಗೆ ಸಿಕ್ಕಿದ್ದೇ ಅವಕ್ಕೆ ಆತಂಕ" ಎಂದು ನನ್ನ ಹೆಂಡತಿ ಸಾವಿತ್ರಿ ಆರಂಭದಲ್ಲೇ ಆಶೀರ್ವದಿಸಿದ್ದಳು.

ಆಗ ತೊಂಬತ್ತರ ದಶಕದ ಕೊನೆ. ನಾನು ಶಿರಸಿಯಲ್ಲಿ ಸಣ್ಣದೊಂದು ಫಾರ್ಮಸಿ ಕಾಲೇಜಿನ ಮೇಷ್ಟ್ರು. ಇಲಿಯ ಆತಂಕ ಅಳೆಯುವ ರೀತಿ ಬಹಳ ಸರಳ. ಕೂಡುರಸ್ತೆಯಂತೆ ನಾಲ್ಕು ಕೈಗಳಿರುವ ಒಂದು ಮರದ ಹಲಗೆಯನ್ನು ಎತ್ತರದಲ್ಲಿ ನಿಲ್ಲಿಸುತ್ತಾರೆ. ಎರಡು ಕೈಗಳಿಗೆ ಗೋಡೆಯಿದೆ, ಎರಡಕ್ಕೆ ಇಲ್ಲ. ಅಂಜುಬುರುಕ ಇಲಿ ಗೋಡೆಯ ನಡುವೆಯೇ ಮುದುಡಿ ಕೂರುತ್ತದೆ. ನೆಮ್ಮದಿಯ ಇಲಿ ಬಯಲಿಗೆ ಬಂದು ಸುತ್ತ ನೋಡುತ್ತದೆ. ಆ ಹಲಗೆಯನ್ನು ಮಾಡಿಕೊಟ್ಟ ಬಡಗಿ, "ಮೇಷ್ಟ್ರೇ, ಇಲಿ ಬಿದ್ರೆ?" ಎಂದು ಒಂದೇ ಮಾತು ಕೇಳಿ ಹೋದ. ಆ ವಾರವಿಡೀ ನಾನು ನಿದ್ದೆ ಮಾಡಲಿಲ್ಲ. ಕೊನೆಗೆ ಹಲಗೆಯ ಕೆಳಗೆ ಮನೆಯ ಹಾಸಿಗೆಯೊಂದನ್ನು ತಂದು ಹಾಸಿದ ಮೇಲೆಯೇ ಸಮಾಧಾನವಾದದ್ದು.

ಪ್ರಯೋಗಕ್ಕೆ ಎರಡು ಸಾಲು ಪಂಜರಗಳು. ಒಂದು ಸಾಲಿಗೆ ಸತ್ವ ಕಲಸಿದ ಹಿಟ್ಟಿನ ಗುಳಿಗೆ, ಇನ್ನೊಂದಕ್ಕೆ ಬರಿಯ ಹಿಟ್ಟಿನದು. ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಎರಡು ಸಾಲುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಅಷ್ಟೂ ವರ್ಷಗಳ ಕೆಲಸ ನೀರುಪಾಲು. ಅಷ್ಟರಲ್ಲೇ ಇಲಿ ನೋಡಿಕೊಳ್ಳುವವನು ತಂಗಿಯ ಮದುವೆಗೆಂದು ಊರಿಗೆ ಹೋದ. ನನಗೆ ಪರೀಕ್ಷೆಯ ಕೆಲಸದ ಮೇಲೆ ಹುಬ್ಬಳ್ಳಿಗೆ ಕರೆ ಬಂತು. ಗುಳಿಗೆ ಹಾಕುವ ಕೆಲಸವನ್ನು ಸಾವಿತ್ರಿಗೆ ಒಪ್ಪಿಸಿ ಹೊರಟೆ.

ಮರಳಿ ಬಂದಾಗ ನನ್ನ ಗೈಡ್ ಧಾರವಾಡದಿಂದ ಬಂದು ಕೂತಿದ್ದರು. ಒಂದೊಂದೇ ಇಲಿಯನ್ನು ಹಲಗೆಗೆ ಬಿಟ್ಟೆವು. ಔಷಧಿಯ ಸಾಲಿನವು ಬಯಲಿಗೆ ಬಂದವು. ಬರಿಯ ಹಿಟ್ಟಿನವೂ ಬಂದವು. ಒಂದಂತೂ ತುದಿಯಲ್ಲಿ ಕೂತು ಮೀಸೆ ತಿಕ್ಕತೊಡಗಿತು.

"ಏನ್ರೀ ಹೆಗಡೇರ, ನಿಮ್ಮೂರಾಗ ಇಲಿಗೆ ಅಂಜಿಕೆನ ಇಲ್ಲೇನ್ರಿ?" ಎಂದರು ಗೈಡ್. ನನ್ನ ಅಂಜಿಕೆ ಮಾತ್ರ ಅಂಗಾಲಿನಿಂದ ಮೇಲೇರುತ್ತಿತ್ತು.

ಮನೆಗೆ ಹೋಗಿ ಸಾವಿತ್ರಿಯನ್ನು ಕೇಳಿದೆ. ಅವಳು ಒಗ್ಗರಣೆ ಸೌಟು ಹಿಡಿದೇ ಹೇಳಿದಳು: "ಅವು ಒಂದೇ ಕೋಣೆಲಿ ಎದುರಾಬದುರು ಕೂತಿದ್ವು. ಒಂದು ಬದಿಗೆ ಸತ್ವದ್ದು ಬಡ್ಸದು, ಇನ್ನೊಂದು ಬದಿ ಬಾಯಿ ಬಾಯಿ ನೋಡದು. ಪಂಕ್ತಿಭೇದ ಮಾಡಿ ಎಂಗೆ ರೂಢಿ ಇಲ್ಲೆ. ಎರಡೂ ಗುಳಿಗೆ ಕೂಡ್ಸಿ ಎಲ್ಲವಕ್ಕೂ ಸಮ ಕೊಟ್ಟೆ."

"ಅದು ಊಟದ ಪಂಕ್ತಿ ಅಲ್ಲ ಮಾರಾಯ್ತಿ, ಪ್ರಯೋಗ!"

"ಉಂಬವಕ್ಕೆ ಎಂತ ಗೊತ್ತಾಗ್ತು?"

ಊಟದ ಮನೆಯಲ್ಲಿ ಎದುರಿನವನಿಗೆ ತುಪ್ಪ ಬಿದ್ದು ತನಗೆ ಬೀಳದಿದ್ದರೆ ಮೂರು ತಲೆಮಾರು ನೆನಪಿಡುವ ಕುಲ ನಮ್ಮದು. ಕಡೆಗೆ ದಾರಿ ತೋರಿಸಿದವಳೂ ಅವಳೇ: "ನಡುವೆ ಒಂದು ಪರದೆ ಕಟ್ಟಿ. ಆಚೆ ಇದ್ದವು ಬೇರೆ ಪಂಕ್ತಿ. ಆಗ ಎಂಗೂ ದೋಷ ಇಲ್ಲೆ, ನಿಂಗಕ್ಕೂ ಇಲ್ಲೆ."

ಗೈಡ್ ಕೊನೆಯದೆಂದು ಎಚ್ಚರಿಸಿ ಇನ್ನೊಂದು ಅವಕಾಶ ಕೊಟ್ಟರು. ಹೊಸ ಇಲಿಗಳನ್ನು ಧಾರವಾಡದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಟವೆಲ್ಲಿನ ಕೆಳಗೆ ಏನೋ ಸರಿದಾಡಿದ್ದು ಕಂಡು ಕಂಡಕ್ಟರು, "ಒಳಗೇನೈತ್ರಿ?" ಎಂದ. ಗಾಬರಿಯಲ್ಲಿ "ಸಂಶೋಧನೆ" ಎಂದುಬಿಟ್ಟೆ. ಅವನು ಮುಂದಿನ ಸೀಟಿಗೆ ಹೋದ.

ಎರಡು ಸಾಲಿನ ನಡುವೆ ಸಾವಿತ್ರಿಯ ಹಳೆಯ ಹಸಿರು ಸೀರೆ ಇಳಿಬಿತ್ತು. ಗೈಡ್ ಮತ್ತೆ ಬಂದಾಗ, "ಇದೇನ್ರೀ ಸೀರಿ?" ಎಂದರು. "ಎರಡೂ ಕಡೆ ಬೆಳಕು ಸಮ ಇರಲಿ ಅಂತ ಸರ್" ಎಂದೆ. ಈ ಸಲ ಸೀರೆಯ ಈಚೆ ಸತ್ವ ತಿಂದವು ಬಯಲಿಗೆ ಬಂದವು. ಆಚೆಗಿನವು ಗೋಡೆ ಬಿಟ್ಟು ಕದಲಲಿಲ್ಲ. ಅವುಗಳ ಪುಕ್ಕಲುತನ ಕಂಡು ನನಗಾದ ಸಂತೋಷಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಆ ಸಂಜೆ ಅವಕ್ಕೂ ಒಂದೊಂದು ಚೂರು ಕೊಬ್ಬರಿ ಹಾಕಿದೆ.

ಉಳಿದದ್ದು ಮೌಖಿಕ ಪರೀಕ್ಷೆ. ಮೈಸೂರು ಕಡೆಯ ಹಿರಿಯರೊಬ್ಬರು ಪರೀಕ್ಷಕರು. ನಕ್ಷೆ ತೋರಿಸಲು ಕೈಯಲ್ಲೊಂದು ಕೋಲು ಹಿಡಿದು ನಿಂತೆ. ಎಲ್ಲ ಕೇಳಿಸಿಕೊಂಡು ಅವರು, "ಇಲಿ ಸರಿ. ಮನುಷ್ಯರ ಮೇಲೆ ಇದರ ಅನುಭವ ಏನಾದರೂ ಉಂಟೇ?" ಎಂದರು.

"ಉಂಟು ಸರ್. ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಒಂದೆಲಗದ ತಂಬುಳಿ. ನಾನಂತೂ ಹಲ್ಲು ಬಂದಾಗಿನಿಂದ ಉಣ್ಣುತ್ತಿದ್ದೇನೆ."

ಅವರು ನನ್ನ ಮುಖ ನೋಡಿದರು. ಆಮೇಲೆ, ನಕ್ಷೆಯ ಮೇಲೆ ಟಕಟಕ ಬಡಿದುಕೊಳ್ಳುತ್ತಿದ್ದ ಕೋಲಿನ ತುದಿ ನೋಡಿದರು. ಮತ್ತೆ ಪ್ರಬಂಧ ಮುಚ್ಚಿಟ್ಟು ಮೃದುವಾಗಿ ಹೇಳಿದರು: "ಕೆಲಸ ಒಪ್ಪಿಗೆಯಾಗಿದೆ, ಕೂತ್ಕೊಳ್ಳಿ. ಶೀರ್ಷಿಕೆಯಲ್ಲಿ ಮಾತ್ರ 'ಇಲಿಗಳಲ್ಲಿ' ಅಂತ ಒಂದು ಪದ ಸೇರಿಸಿಬಿಡಿ."