ವಕೀಲರ ಮನಸ್ಸು ನೋಯದಂತೆ

ಯಾರನ್ನಾದರೂ ‘ನಾಳೆಯಿಂದ ಬರಬೇಡಿ’ ಎಂದು ಮುಖ ನೋಡಿ ಹೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇದ್ದಂತಿಲ್ಲ. ನಮ್ಮಪ್ಪ ಒಮ್ಮೆ ಬೇರೆ ಅಂಗಡಿಯಲ್ಲಿ ಕಟಿಂಗ್ ಮಾಡಿಸಿಕೊಂಡು ಬಂದ ತಪ್ಪಿಗೆ, ಕೂದಲು ಮತ್ತೆ ಬೆಳೆಯುವ ತನಕ ಹಳೆಯ ಅಂಗಡಿಯ ಮುಂದೆ ಹಾಯದೆ, ಎರಡು ಬೀದಿ ಸುತ್ತಿ ಬಸ್‌ಸ್ಟಾಪಿಗೆ ಹೋಗುತ್ತಿದ್ದರು. ಅಮ್ಮ ಹಾಲಿನವನನ್ನು ಬಿಡಿಸಿದ ಕಥೆಯಂತೂ ನಮ್ಮ ರಾಜಾಜಿನಗರದ ಬೀದಿಗೆಲ್ಲ ಗೊತ್ತು. ಹಾಲಿಗೆ ನೀರು ಬೆರೆಸುತ್ತೀಯಲ್ಲಪ್ಪ ಎನ್ನುವ ಬದಲು, ‘ನಾವು ಊರಿಗೆ ಹೋಗ್ತಿದೀವಪ್ಪ, ಬಂದ್ಮೇಲೆ ಹೇಳ್ಕಳಿಸ್ತೀವಿ’ ಎಂದುಬಿಟ್ಟರು. ಆಮೇಲೆ ಪ್ಯಾಕೆಟ್ ಹಾಲನ್ನು ತರಕಾರಿ ಚೀಲದಲ್ಲಿ ದಂಟಿನ ಸೊಪ್ಪಿನ ಕೆಳಗೆ ಬಚ್ಚಿಟ್ಟು ತರುತ್ತಿದ್ದರು. ಒಂದು ಶನಿವಾರ ಆಂಜನೇಯನ ಗುಡಿಯಲ್ಲಿ ಆ ಹಾಲಿನವನೇ ಅಪ್ಪನಿಗೆ ಎದುರಾಗಿ, ‘ಯಾವಾಗ ಬಂದ್ರಿ ಸ್ವಾಮಿ?’ ಎಂದ. ಅಪ್ಪ ಅಂಗೈಯಲ್ಲಿ ತೀರ್ಥ ಹಿಡಿದುಕೊಂಡೇ, ‘ಇನ್ನೂ ಬಂದಿಲ್ಲಪ್ಪ’ ಎಂದರು. ಅವನೂ ದೊಡ್ಡ ಮನುಷ್ಯ, ‘ಆಗ್ಲಿ, ಬಂದ್ಮೇಲೆ ಹೇಳಿ’ ಎಂದು ಪ್ರದಕ್ಷಿಣೆಗೆ ಹೊರಟ. ಹೇಳಿದ್ದು ಸುಳ್ಳೆಂದು ಇಬ್ಬರಿಗೂ ಗೊತ್ತು, ಆದರೆ ಯಾರ ಮನಸ್ಸೂ ನೋಯಲಿಲ್ಲ. ನಾಗರಿಕತೆ ಎಂದರೆ ಇದೇ ಎಂದು ನಂಬಿ ಬೆಳೆದವನು ನಾನು.

ಹೀಗೆ ನಂಬಿ ಬೆಳೆದವನು ಸ್ವೀಡನ್ನಿಗೆ ಬಂದು, ಎಸ್ಕಿಲ್‌ಸ್ಟುನಾ ಎಂಬ ಊರಿನಲ್ಲಿ ಎಂಜಿನಿಯರಾಗಿ, ಒಬ್ಬ ವಕೀಲರನ್ನು ಬಿಡಿಸಬೇಕಾಗಿ ಬಂದದ್ದು ನನ್ನ ಗ್ರಹಚಾರ.

ವಕೀಲರು ಬೇಕಾದದ್ದು ವರ್ಕ್ ಪರ್ಮಿಟ್ಟಿಗಾಗಿ. ನಾನು ಮೊದಲು ಕೆಲಸಕ್ಕಿದ್ದ ಸಣ್ಣ ಕಂಪನಿಯವರು ನನ್ನ ಹೆಸರಿನಲ್ಲಿ ಕಟ್ಟಬೇಕಾಗಿದ್ದ ಯಾವುದೋ ವಿಮೆಯನ್ನು ಕೆಲವು ತಿಂಗಳು ಮರೆತಿದ್ದರು. ಮರೆತವರು ಅವರು, ಸಿಕ್ಕಿಬಿದ್ದವನು ನಾನು. ಪರ್ಮಿಟ್ ಮುಂದುವರಿಸಿ ಎಂದು ನಾನು ಹಾಕಿದ ಅರ್ಜಿಗೆ ಸರ್ಕಾರದಿಂದ ಉತ್ತರ ಬಂತು: ಈ ವಿಮೆಯ ವಿಷಯಕ್ಕೆ ತಿಂಗಳ ಕೊನೆಯೊಳಗೆ ವಿವರಣೆ ಕೊಡಿ. ಕೊಡದಿದ್ದರೆ ಗಂಟುಮೂಟೆ ಕಟ್ಟಬೇಕು ಎಂಬುದನ್ನು ಅವರು ಬರೆದಿರಲಿಲ್ಲ. ಅಷ್ಟು ನಮಗೇ ಅರ್ಥವಾಗುತ್ತದೆ.

ನನ್ನ ವಕೀಲರು ಲೆನ್ನಾರ್ಟ್. ಅಪ್ಪನ ವಯಸ್ಸು, ಅಪ್ಪನಿಗಿಂತ ಒಂದು ಮೊಳ ಎತ್ತರ. ಊರ ನಡುವೆ ಹರಿಯುವ ಹೊಳೆಯ ಪಕ್ಕದಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲೆ ಅವರ ಕಚೇರಿ. ಅಂಥ ಒಳ್ಳೆಯ ಮನುಷ್ಯರನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಹೋದ ಕೂಡಲೇ ಫ್ಲಾಸ್ಕಿನಿಂದ ಕಾಫಿ, ಏಲಕ್ಕಿ ಹಾಕಿದ ಬನ್ನು. ‘ಅಮ್ಮನ ಮಂಡಿನೋವು ಹೇಗಿದೆ?’ ಎಂದು ಮರೆಯದೆ ಕೇಳುತ್ತಿದ್ದರು. ನನ್ನ ಸ್ವಂತ ಅಣ್ಣ ಇದುವರೆಗೆ ಅದನ್ನು ಕೇಳಿಲ್ಲ. ಅವರ ದೋಷ ಒಂದೇ, ಕೆಲಸ ಮಾಡುತ್ತಿರಲಿಲ್ಲ. ‘ವಿವರಣೆ ಯಾವಾಗ ಬರೆಯುತ್ತೀರಿ?’ ಎಂದರೆ ಕಿಟಕಿಯಾಚೆ ಬಾತುಕೋಳಿಗಳನ್ನು ನೋಡುತ್ತ, ‘ಕಾದು ನೋಡೋಣ’ ಎನ್ನುತ್ತಿದ್ದರು. ಬಾತುಕೋಳಿಗಳು ಕೂಡ ಅಷ್ಟರಲ್ಲಿ ಆಚೆ ದಡ ಸೇರಿರುತ್ತಿದ್ದವು.

ಗಟ್ಟಿಯಾಗಿ ಕೇಳಬೇಕಿತ್ತು, ನಿಜ. ಆದರೆ ನನಗೊಂದು ಕಾಯಿಲೆಯಿದೆ. ಯಾರ ಎದುರು ಕೂತರೂ ಸ್ವಲ್ಪ ಹೊತ್ತಿಗೆ ನಾನು ಅವರೇ ಆಗಿಬಿಡುತ್ತೇನೆ. ಅವರ ಕೆಮ್ಮು, ಅವರ ಹುಬ್ಬು, ಅವರ ರಾಗ ಎಲ್ಲ ನನಗೆ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ತರರು ಬೈಯುವಾಗ ಅವರದೇ ಧ್ವನಿಯಲ್ಲಿ ಕ್ಷಮೆ ಕೇಳಿ ಇನ್ನೆರಡು ಏಟು ತಿಂದವನು ನಾನು. ಲೆನ್ನಾರ್ಟ್ ಉತ್ತರದ ಉಮೆಯೊ ಕಡೆಯವರು. ಆ ಕಡೆಯವರು ‘ಹೌದು’ ಎನ್ನಲು ಬಾಯಿಗೆ ಶ್ರಮ ಕೊಡುವುದಿಲ್ಲ. ಬಿಸಿ ಸಾರು ಹೀರಿದಂತೆ ‘ಶ್ಯುಪ್’ ಎಂದು ಉಸಿರು ಒಳಗೆಳೆದರೆ ಅದೇ ಹೌದು. ನಾನು ಜಗಳಕ್ಕೆಂದು ಹೋಗಿ ಕೂತರೆ, ಅವರು ಒಂದು ಶ್ಯುಪ್, ನಾನೊಂದು ಶ್ಯುಪ್, ನಡುವೆ ಘನವಾದ ಮೌನ. ಕೊನೆಗೆ ‘ಕಾದು ನೋಡೋಣ’ ಎಂದು ನಾನೇ ಹೇಳಿ ಎದ್ದು ಬಂದದ್ದೂ ಉಂಟು. ಈ ಲೆನ್ನಾರ್ಟ್ ಮಿಮಿಕ್ರಿ ಐಟಮ್ಮಿಗೆ ನಮ್ಮ ಕನ್ನಡದವರ ಹಬ್ಬದ ಊಟಗಳಲ್ಲಿ ಒಳ್ಳೆಯ ಬೇಡಿಕೆಯಿತ್ತು. ಜೊತೆಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಪ್ರವೀಣ ನಕ್ಕು ನಕ್ಕು ಕಣ್ಣೊರೆಸಿಕೊಂಡು, ‘ಲೇ ಮಧು, ನಿನ್ನ ಪರ್ಮಿಟ್ ಹೋದ್ರ ಹೋಗ್ಲಿ, ಈ ವಕೀಲನ್ನ ಮಾತ್ರ ಬಿಡಬ್ಯಾಡಲೇ’ ಎಂದಿದ್ದ.

ನನ್ನ ಹೆಂಡತಿ ಶ್ರುತಿಗೆ ನಗು ಬರಲಿಲ್ಲ. ಅವಳು ಸ್ಟಾಕ್‌ಹೋಮ್ ಪಕ್ಕದ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ವೈದ್ಯಕೀಯ ಸಂಶೋಧಕಿ. ಇಲಿಗಳ ಮೇಲೆ ಪ್ರಯೋಗ ಮಾಡುತ್ತಾಳೆ, ವಾರಾಂತ್ಯದಲ್ಲಿ ನನ್ನ ಮೇಲೆ. ಸಹೋದ್ಯೋಗಿಯೊಬ್ಬರನ್ನು ಕೇಳಿ ಸ್ಟಾಕ್‌ಹೋಮಿನಲ್ಲಿ ಒಬ್ಬ ವಕೀಲೆಯನ್ನು ಗೊತ್ತುಮಾಡಿಕೊಂಡು ಬಂದಳು.

‘ಒಂದೇ ದಿನದಲ್ಲಿ ವಿವರಣೆ ಬರೆದು ಕೊಡ್ತಾರಂತೆ. ಆದ್ರೆ ಒಂದು ಅರ್ಜಿಗೆ ಇಬ್ಬರು ಲಾಯರ್ ಆಗಲ್ವಂತೆ. ಮೊದಲು ಅವರನ್ನ ಬಿಟ್ಟು ಬನ್ನಿ ಅಂದ್ರು.’

‘ಹೆಂಗೆ ಬಿಡೋದು? ಅಪ್ಪನ ವಯಸ್ಸಿನವರು. ಬನ್ನು ತಿಂದಿದೀನಿ.’

‘ಬನ್ ತಿಂದಿದ್ದಕ್ಕೆ ದೇಶ ಬಿಡ್ತೀಯಾ? ತಿಂಗಳು ಮುಗೀತಾ ಬಂತು. ಬಾ, ಪ್ರಾಕ್ಟೀಸ್ ಮಾಡೋಣ. ನಾನು ನೀನಾಗ್ತೀನಿ, ನೀನು ಲೆನ್ನಾರ್ಟ್ ಆಗು.’

ಅದೇ ತಪ್ಪಾಯಿತು. ಪಾತ್ರ ಸಿಕ್ಕಿದ ಮೇಲೆ ನಾನು ಬಿಡುವವನಲ್ಲ. ಭುಜ ಇಳಿಬಿಟ್ಟೆ, ಕತ್ತು ಉದ್ದ ಮಾಡಿದೆ, ಕಿಟಕಿಯಾಚೆ ಇಲ್ಲದ ಬಾತುಕೋಳಿಗಳನ್ನು ನೋಡಿದೆ. ಶ್ರುತಿ ಖಡಕ್ಕಾಗಿ, ‘ನಿಮ್ಮ ಕೆಲಸ ನನಗೆ ಸರಿಹೋಗ್ತಿಲ್ಲ’ ಎಂದಳು. ನಾನು ಮೆಲ್ಲಗೆ ಶ್ಯುಪ್ ಎಂದು, ಅವಳ ಲೋಟಕ್ಕೆ ಕಾಫಿ ಬಗ್ಗಿಸಿ, ‘ನಿಮ್ಮ ತಾಯಿಯ ಮಂಡಿನೋವು?’ ಎಂದೆ. ಅವಳು ಸ್ವಲ್ಪ ತಡೆದು, ‘ಪರವಾಗಿಲ್ಲ, ಮೊದಲಿಗಿಂತ ವಾಸಿ’ ಎಂದಳು. ನಾನು ಇನ್ನೊಂದು ಬಿಸ್ಕತ್ತು ಮುಂದಿಟ್ಟೆ. ‘ಬೇಡಿ, ಸಾಕು, ನಿಮಗೆ ಸುಮ್ಮನೆ ತೊಂದರೆ’ ಎಂದವಳು ಥಟ್ಟನೆ ಎಚ್ಚೆತ್ತು ಲೋಟ ಕುಕ್ಕಿದಳು. ‘ಥೂ, ಹೋಗೋ. ಇವರನ್ನ ಯಾರು ಬಿಡ್ಸೋಕೆ ಆಗತ್ತೆ?’

ಕೊನೆಗೆ ಒಂದು ಶುಕ್ರವಾರ ಮಧ್ಯಾಹ್ನ ನಾನೇ ಹೋದೆ. ಸ್ವಂತ ಧೈರ್ಯ ಸಾಲದೆಂದು ನಮ್ಮ ಹಳೆಯ ಮನೆ ಓನರ್ ಧ್ವನಿಯನ್ನು ತೆಗೆದುಕೊಂಡು ಹೋಗಿದ್ದೆ. ಬಾಡಿಗೆಯವರನ್ನು ಎಬ್ಬಿಸುವುದರಲ್ಲಿ ಅವರ ಗಂಟಲು ಎತ್ತಿದ ಕೈ. ಮೆಟ್ಟಿಲು ಹತ್ತುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಬಾಗಿಲು ತೆರೆದ ಲೆನ್ನಾರ್ಟ್, ‘ಬಾ ಬಾ, ಬನ್ನು ಇನ್ನೂ ಬಿಸಿಯಿದೆ’ ಎಂದರು. ಓನರು ಅಲ್ಲೇ ಮೆಟ್ಟಿಲಿಳಿದು ಓಡಿಹೋದರು.

ಕೂತೆವು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಅಷ್ಟಕ್ಕಷ್ಟೇ ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ.

‘ಏನೋ ಹೇಳಬೇಕೆಂದಿದ್ದೀಯ’ ಎಂದರು.

‘ಶ್ಯುಪ್’ ಎಂದೆ.

ಅವರು ಕಾದರು. ಕಾಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಬನ್ನಿನ ಮೇಲಿನ ಸಕ್ಕರೆಯ ಹರಳುಗಳನ್ನು ಒಂದೊಂದಾಗಿ ಕೀಳುತ್ತ ಕೂತೆ. ಹೇಳಬೇಕಾದ ವಾಕ್ಯ ಗಂಟಲ ತನಕ ಬಂತು. ಆದರೆ ಅವರ ಬೂದುಗಣ್ಣು, ಉಣ್ಣೆಯ ಸ್ವೆಟರು, ನನಗೆಂದೇ ಬಿಸಿಮಾಡಿದ ಬನ್ನು. ನಾಲಗೆ ನನ್ನನ್ನು ಕೇಳದೆ ತಾನೇ ಹೊರಳಿಕೊಂಡಿತು.

‘ನಾನು ಊರಿಗೆ ಹೋಗುತ್ತಿದ್ದೇನೆ.’

‘ರಜೆಗೆ?’

‘ಇಲ್ಲ. ಹಾಗೇ. ಪೂರ್ತಿ. ಅಮ್ಮನ ಮಂಡಿ.’

ಲೆನ್ನಾರ್ಟ್ ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದು, ‘ತಾಯಿಗಿಂತ ದೊಡ್ಡದಿಲ್ಲ. ನೀನು ಏನೂ ಯೋಚಿಸಬೇಡ. ಉಳಿದದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ’ ಎಂದರು. ನನ್ನ ಕಣ್ಣೂ ತುಂಬಿ ಬಂತು. ಎಂಥ ಬೀಳ್ಕೊಡುಗೆ. ಇನ್ನೊಂದು ಬನ್ನನ್ನು ಕಾಗದದಲ್ಲಿ ಸುತ್ತಿಕೊಟ್ಟರು, ತೆಗೆದುಕೊಂಡು ಬಂದೆ.

ಮನೆಗೆ ಬಂದು ಶ್ರುತಿಗೆ ಇಡೀ ದೃಶ್ಯವನ್ನು ಎರಡೂ ಪಾತ್ರಗಳಲ್ಲಿ ಅಭಿನಯಿಸಿ ತೋರಿಸಿದೆ. ಮೆಚ್ಚುತ್ತಾಳೆಂದು ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು.

‘ಯಾರಿಗೆ ಹೇಳಿದ್ದು ನೀನು?’

‘ಲೆನ್ನಾರ್ಟ್‌ಗೆ.’

‘ಅವರು ಯಾವ ಲಾಯರು?’

‘ಪರ್ಮಿಟ್ ಲಾಯರು.’

‘ಅವರ ಹತ್ರ ನಿನ್ನ ಯಾವ ಅರ್ಜಿ ಇದೆ?’

‘ಈ ದೇಶದಲ್ಲಿ ಇರ್ತೀನಿ ಅನ್ನೋ...’ ಎಂದು ಅಲ್ಲಿಗೇ ನಿಂತೆ.

‘ಅವರು ಹಾಲಿನೋರಲ್ಲ ಮಧು. ಸ್ವೀಡಿಷರು. ಊರಿಗೆ ಹೋಗ್ತೀನಿ ಅಂದ್ರೆ, ಊರಿಗೆ ಹೋಗ್ತಾನೆ ಅಂತಲೇ ತಿಳ್ಕೋತಾರೆ. ಉಳಿದದ್ದೆಲ್ಲ ನೋಡ್ಕೋತೀನಿ ಅಂದ್ರಲ್ಲ, ಏನು ನೋಡ್ಕೋತಾರೆ ಹೇಳು? ಅರ್ಜಿ ವಾಪಸ್ ತಗೋತಾರೆ.’

ಫೋನು ಮಾಡಿದೆ. ಶುಕ್ರವಾರ ಮೂರು ಗಂಟೆಯ ಮೇಲೆ ಕಚೇರಿ ಇರುವುದಿಲ್ಲ ಎಂದು ರೆಕಾರ್ಡ್ ಮಾಡಿದ ಲೆನ್ನಾರ್ಟ್ ಧ್ವನಿ ಹೇಳಿತು. ಅದನ್ನು ನಾನು ಇನ್ನೂ ಚೆನ್ನಾಗಿ ಹೇಳುತ್ತೇನೆ, ಆದರೆ ಅದಕ್ಕೆ ಸಮಯವಿರಲಿಲ್ಲ. ಸೈಕಲ್ ಹತ್ತಿದೆ. ಹೊಳೆಯ ದಂಡೆಯ ಮೇಲೆ, ನಾಯಿ ನಡೆಸುವವರು, ಮಕ್ಕಳ ಗಾಡಿ ತಳ್ಳುವವರು ಎಲ್ಲರಿಗೂ ‘ಉರ್‌ಸೆಕ್ತ, ಉರ್‌ಸೆಕ್ತ’ ಎಂದು ಸ್ವೀಡಿಷಿನಲ್ಲಿ ಕ್ಷಮೆ ಕೇಳುತ್ತ ತುಳಿದೆ. ಕನ್ನಡಕದ ಅಂಗಡಿಯ ಮುಂದೆ ತಲುಪುವ ಹೊತ್ತಿಗೆ ಲೆನ್ನಾರ್ಟ್ ಬಾಗಿಲಿನಿಂದ ಹೊರಗೆ ಕಾಲಿಟ್ಟಿದ್ದರು. ಬೆನ್ನಿಗೆ ಚೀಲ, ವಾರಾಂತ್ಯಕ್ಕೆ ಕಾಡಿನ ಮನೆಗೆ ಹೊರಟ ಬೂಟು, ಕೈಯಲ್ಲಿ ಒಂದು ಲಕೋಟೆ. ಮೂಲೆಯ ಹಳದಿ ಟಪಾಲು ಡಬ್ಬಿಗೆ ಇನ್ನು ಹತ್ತು ಹೆಜ್ಜೆ. ಈ ಮನುಷ್ಯ ಇಮೇಲನ್ನು ನಂಬದೆ ಇದ್ದದ್ದೇ ನನ್ನ ಪುಣ್ಯ.

‘ಲೆನ್ನಾರ್ಟ್, ಹಾಕಬೇಡಿ’ ಎಂದು ಕೂಗಿದೆ.

ನಿಂತರು. ಏದುಸಿರು ಬಿಡುತ್ತ ಹತ್ತಿರ ಹೋದೆ. ಈಗಲಾದರೂ ನಿಜ ಹೇಳಬೇಕಲ್ಲವೆ? ಏನು ಹೇಳಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

‘ಅಮ್ಮನ ಮಂಡಿ ವಾಸಿಯಾಯಿತು.’

‘ಎರಡು ಗಂಟೆಯಲ್ಲಿ?’

‘ನಮ್ಮ ಕಡೆ ಒಂದು ಎಣ್ಣೆ ಇದೆ.’

ಅವರ ಮುಖ ಅರಳಿದಂತೆ ಕಂಡಿತು. ‘ಬಹಳ ಸಂತೋಷ. ಹಾಗಾದರೆ ಅರ್ಜಿ ಇರಲಿ. ಮೊದಲಿನ ಹಾಗೆಯೇ ನಾವು ಕಾದು ನೋಡೋಣ.’

ಒಂದು ಸುಳ್ಳು ನನ್ನನ್ನು ದೇಶದಿಂದ ಹೊರಗೆ ತಳ್ಳಿತ್ತು, ಇನ್ನೊಂದು ಎಳೆದು ತಂದು ಮತ್ತೆ ಅವರ ಮಡಿಲಿಗೇ ಹಾಕಿತು. ಮೂರನೆಯದೊಂದಕ್ಕಾಗಿ ತಡಕಾಡಿದೆ, ಸಿಗಲಿಲ್ಲ. ಓನರ್ ಧ್ವನಿ ಹುಡುಕಿದೆ, ಹೆಡ್‌ಮಾಸ್ತರರನ್ನು ಕರೆದೆ, ಒಬ್ಬರೂ ಬರಲಿಲ್ಲ. ಕೊನೆಗೆ ಯಾವುದೋ ಸಣ್ಣ, ಒಡಕಲು, ಪರಿಚಯವೇ ಇಲ್ಲದ ಧ್ವನಿಯೊಂದು ಬಾಯಿಂದ ಹೊರಟಿತು. ನನ್ನದೇ ಇರಬೇಕು.

‘ಲೆನ್ನಾರ್ಟ್, ನಾನು ಎಲ್ಲಿಗೂ ಹೋಗುತ್ತಿಲ್ಲ. ಹೋಗಲೂ ಇಷ್ಟವಿಲ್ಲ. ಕಾಯುವುದಕ್ಕೆ ನನ್ನ ಕೈಯಲ್ಲಿ ದಿನಗಳಿಲ್ಲ. ನನಗೆ ಬೇರೆ ವಕೀಲರು ಬೇಕು.’

ಹೇಳಿ ಕಣ್ಣು ಮುಚ್ಚಿಕೊಂಡೆ. ಆಕಾಶ ಕಳಚಿ ಬೀಳಲೆಂದು ಕಾದೆ.

‘ಓಕೆ’ ಎಂದರು ಲೆನ್ನಾರ್ಟ್.

ಕಣ್ಣು ಬಿಟ್ಟೆ. ಅವರು ಲಕೋಟೆಯನ್ನು ಎರಡಾಗಿ ಹರಿದು, ರದ್ದಿ ಕಾಗದದ ತೊಟ್ಟಿಗೆ ಹಾಕಲೆಂದು ಅಂದವಾಗಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದರು. ಹೊಸ ವಕೀಲರು ಯಾರೆಂದು ಕೇಳಿದರು, ಹೇಳಿದೆ. ‘ಒಳ್ಳೆಯವರು, ಬಹಳ ಚುರುಕು. ಫೈಲನ್ನು ಸೋಮವಾರ ಬೆಳಿಗ್ಗೆಯೇ ಕಳಿಸುತ್ತೇನೆ. ಒಳ್ಳೆಯ ವಾರಾಂತ್ಯವಾಗಲಿ’ ಎಂದು ಕೈಕುಲುಕಿ ಹೊರಟರು. ಮೂಲೆ ತಿರುಗುವಾಗ ಸಿಳ್ಳೆ ಹಾಕುತ್ತಿದ್ದರೆಂದು ನನ್ನ ಕಿವಿಗೆ ಅನ್ನಿಸಿತು.

ಮನೆಗೆ ಸೈಕಲ್ಲನ್ನು ತಳ್ಳಿಕೊಂಡೇ ಬಂದೆ. ಶ್ರುತಿ ಬಾಗಿಲಲ್ಲೇ ಕಾಯುತ್ತಿದ್ದಳು.

‘ಸಿಕ್ಕಿದ್ರಾ? ಏನಂದ್ರು?’

‘ಓಕೆ ಅಂದ್ರು.’

‘ಅಬ್ಬಾ, ಬದುಕಿದ್ವಿ. ಮತ್ತೆ ಮುಖ ಯಾಕೆ ಹಂಗಿದೆ?’

‘ಅಲ್ಲ ಶ್ರುತಿ, ಒಂದು ಸಲ ಯಾಕೆ ಅಂತಾದ್ರೂ ಕೇಳಬಾರದಾ? ಅವರ ಮನಸ್ಸು ನೋಯಬಾರ್ದು ಅಂತ ನಾನು ಎಷ್ಟು ಒದ್ದಾಡಿದೆ. ಸ್ವಲ್ಪ ನೊಂದ್ಕೊಂಡಿದ್ರೆ ಅವರದೇನು ಗಂಟು ಹೋಗ್ತಿತ್ತು?’

ಶ್ರುತಿ ನನ್ನನ್ನು ಕೂರಿಸಿ ನೀರು ಕೊಟ್ಟು, ಲಕೋಟೆಯಿಂದ ಓಕೆಯ ತನಕ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, ಪ್ರಯೋಗದ ಫಲಿತಾಂಶ ಓದುವಾಗಿನ ನಿಧಾನದಲ್ಲಿ ಹೇಳಿದಳು. ‘ಒಂದು ವಿಷ್ಯ ಯೋಚ್ನೆ ಮಾಡು ಮಧು. ನೀನಿಲ್ಲಿ ಇರೋದಕ್ಕೆ ಒಂದು ಕಾಗದ ಬರೀರಿ ಅಂತ ಎಷ್ಟು ದಿನದಿಂದ ಕೇಳ್ತಿದ್ದೆ. ಒಂದಕ್ಷರ ಬರೀಲಿಲ್ಲ. ಹೊರಟೋಗ್ತೀನಿ ಅಂದಿದ್ದೇ ತಡ, ಎರಡು ಗಂಟೇಲಿ ಬರೆದು, ಸ್ಟಾಂಪ್ ಅಂಟಿಸಿ, ಡಬ್ಬಿ ತನಕ ನಡ್ಕೊಂಡು ಬಂದಿದ್ರಲ್ಲ. ಪಾಪ, ನಾಳೆಯಿಂದ ಬರಬೇಡ ಅನ್ನೋಕೆ ಅವರಿಗೂ ಸಂಕೋಚ ಇತ್ತೇನೋ.’

ಹೊಸ ವಕೀಲೆ ಮಾತಿನಂತೆ ಒಂದೇ ದಿನದಲ್ಲಿ ವಿವರಣೆ ಬರೆದರು. ಬನ್ನು ಕೊಡಲಿಲ್ಲ, ಅಮ್ಮನನ್ನು ವಿಚಾರಿಸಲಿಲ್ಲ, ಆದರೆ ಬೇಸಿಗೆಗೆ ಮುಂಚೆ ಪರ್ಮಿಟ್ ಬಂತು. ನಾನು ಈ ದೇಶದಲ್ಲಿ ಇರಬಹುದೆಂದು ಸ್ವೀಡನ್ ಸರ್ಕಾರ ಈಗ ಮೊಹರು ಹಾಕಿ ಒಪ್ಪಿದೆ. ಲೆನ್ನಾರ್ಟ್ ಅವರಿಗೂ ಅದು ಒಪ್ಪಿಗೆಯೇ ಎಂದು ಕೇಳುವ ಧೈರ್ಯ ಮಾತ್ರ ನಾನು ಮಾಡಿಲ್ಲ.