ಪ್ರೇಮಾನಂದ ಶೆಟ್ರ ಗಟ್ಟಿ ಬೀಗ

ಕೋಟದ ಪೇಟೆಯಲ್ಲಿ ಪ್ರೇಮಾನಂದ ಶೆಟ್ರದ್ದೊಂದು ಗೋದಾಮು. ಅದರ ಕೀ, ಮನೆಯ ಗೇಟಿನ ಕೀ ಎರಡೂ ಶೆಟ್ರ ಉಡಿದಾರದಲ್ಲಿ. ಬಾಡಿಗೆದಾರರ ಕೈಗೆ ಕೀ ಕೊಟ್ಟರೆ ಕಟ್ಟಡವನ್ನೇ ಬರೆದುಕೊಟ್ಟ ಹಾಗೆ ಎಂಬುದು ಅವರ ನಂಬಿಕೆ. ಗೋದಾಮಿನ ಮುದಿಬೀಗ ಬಲವಾಗಿ ಜಗ್ಗಿದರೆ ಕೀ ಇಲ್ಲದೆಯೂ ಬಾಯಿಬಿಡುತ್ತದೆಂಬ ಗುಟ್ಟು ಅವರೊಬ್ಬರಿಗೇ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಇನ್ಯಾರಿಗೋ ಗೊತ್ತಾಗಿತ್ತು. ಒಳಗಿಟ್ಟಿದ್ದ, ಬಾಡಿಗೆದಾರ ಅಡುಗೆಯ ಮಹಾಲಿಂಗ ಹೊಳ್ಳರ ತಾಮ್ರದ ಕೊಪ್ಪರಿಗೆ ಮಾಯ!

“ನಾಳೆ ಮದಿ ಅಡ್ಗಿ ಇತ್ತ್, ಶೆಟ್ರೆ! ಹೊಸ ಕೊಪ್ಪರ್ಗಿ ನೀವೇ ಕೊಡ್ಕ್,” ಎಂದರು ಮದುವೆ ಅಡುಗೆ ಒಪ್ಪಿಕೊಂಡಿದ್ದ ಹೊಳ್ಳರು.

“ಎಂತಕ್ಕೆ? ಕದ್ದದ್ದ್ ನಾನಾ?”

ಪಕ್ಕದ ಹೊಲಿಗೆ ಅಂಗಡಿಯ ಜಲಜಕ್ಕ ಅರ್ಧ ಹೊಲಿದ ರವಕೆ ಸಮೇತ ಹೊರಬಂದರು. “ಬೀಗ ಸಮ ಇಲ್ದಿರೆ ಓನರೇ ಹೊಣೆ. ಕಾನೂನೇ ಹಾಂಗ್ ಇತ್ತ್.” ಕುಂದಾಪುರದ ವಕೀಲರೊಬ್ಬರ ಹೆಂಡತಿಯ ರವಕೆಗಳನ್ನೆಲ್ಲ ಹೊಲಿಯುವುದು ಅವರೇ. ಹಾಗಾಗಿ ಕಾನೂನು ಗೊತ್ತಿತ್ತು.

“ಬೀಗ ಸಮ ಇತ್ತಾ ಇಲ್ಯಾ, ಪೋಲೀಸರೇ ಕಾಣ್ಲಿ! ನಾ ಒಂದ್ ಸೌಟೂ ಕೊಡುದಿಲ್ಲ!” ಶೆಟ್ರು ಎದೆ ತಟ್ಟಿಕೊಂಡರು. ಹೊಳ್ಳರನ್ನು ಸಮಾಧಾನ ಮಾಡಲು ಎಲ್ಲರೂ ಎದುರಿನ ಹೋಟೆಲಿಗೆ ಕರೆದೊಯ್ದದ್ದೇ ತಡ, ಶೆಟ್ರು ಹಿಂದಿನ ಓಣಿಯ ತಮ್ಮ ಮನೆಗೆ ಓಡಿ, ಗೇಟಿನ ಗಟ್ಟಿ ಬೀಗ ಬಿಚ್ಚಿ ತಂದು ಗೋದಾಮಿಗೆ ಜಡಿದರು. ಮುದಿಬೀಗವನ್ನು ಗೇಟಿಗೆ ಹಾಕಿದರು. ಎರಡೂ ಒಂದೇ ದಿನ ಕೊಂಡವು, ಎರಡಕ್ಕೂ ಒಂದೇ ತುಕ್ಕು.

ಹೆಡ್ ಕಾನ್‌ಸ್ಟೇಬಲ್ ಗೌರೀಶ್ ಬಂದಾಗ ಶೆಟ್ರು ಬೀಗಕ್ಕೆ ಜೋತುಬಿದ್ದೇ ತೋರಿಸಿದರು. “ಕಾಣಿ ಸರ್! ಕೀ ಇಲ್ದೆ ಒಬ್ರಿಗೂ ಒಳಗ್ ಹೋಪುಕ್ ಆತಿಲ್ಲ!”

ಗೌರೀಶರೂ ಜಗ್ಗಿದರು. ಬೀಗ ಅಲುಗಲಿಲ್ಲ. “ಹೌದ್. ಕೀ ಯಾರ್ ಹತ್ರ ಇರತ್ತ್?”

“ನನ್ನ್ ಹತ್ರ ಮಾತ್ರ! ಉಡಿದಾರ ಬಿಟ್ಟ್ ಅಲ್ಲಾಡುದಿಲ್ಲ!”

“ಹಾಂಗಾರೆ ಕೊಪ್ಪರ್ಗಿ ತೆಗ್ದದ್ದ್ ನೀವೇ. ಜೀಪ್ ಹತ್ತಿ.”

ಕಳ್ಳನೆಂಬ ಹೆಸರಿಗಿಂತ ಕೊಪ್ಪರಿಗೆ ಕೊಡುವುದೇ ವಾಸಿ ಅಂತ ಶೆಟ್ರಿಗೆ ಅನ್ನಿಸಿತು. “ಬೀಗ ನಾನೇ ಬದ್ಲ್ ಮಾಡಿದ್ದ್! ಹಳೇದ್ ನಮ್ಮನಿ ಗೇಟಲ್ಲಿತ್ತ್. ಜಗ್ಗಿರೆ ಬಿಡತ್ತ್. ಬನ್ನಿ, ತೋರ್ಸ್ತೆ!”

ಗೌರೀಶ್ ನಂಬಲಿಲ್ಲ, ಆದರೂ ಹೊರಟರು. ಬೆಳಿಗ್ಗೆಯೇ ಗಲಾಟೆ ನೋಡಲು ಬಂದು ನಿಂತಿದ್ದ ಶೆಟ್ರ ಹೆಂಡತಿ ಗೋಮತಿಯೂ ಸೇರಿ ಇಡೀ ಪೇಟೆ ಹಿಂದೆ ನಡೆಯಿತು.

ಮನೆಯ ಗೇಟು ಹಾರುಹೊಡೆದಿತ್ತು. ಮುದಿಬೀಗ ಬಾಯಿಬಿಟ್ಟುಕೊಂಡು ಸರಪಳಿಯಲ್ಲಿ ನೇತಾಡುತ್ತಿತ್ತು.

“ಕಂಡ್ರ್ಯಾ! ಕೀ ನನ್ನ್ ಸೊಂಟದಲ್ಲೇ ಇತ್ತ್! ನಾನ್ ಕಳ್ಳ ಅಲ್ಲ!” ಶೆಟ್ರು ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟರು. ಕುಣಿಯಲು ಎಂದಿಗಿಂತ ಹೆಚ್ಚು ಜಾಗವಿತ್ತು.

“ಹ್ವಾಯ್, ಕುಣ್ದದ್ದ್ ಸಾಕ್,” ಎಂದಳು ಗೋಮತಿ. “ನನ್ನ್ ಸ್ಕೂಟರ್ ಎಲ್ಲಿತ್ತ್?”

ಜಲಜಕ್ಕ ರವಕೆಯ ದಾರವನ್ನು ಹಲ್ಲಲ್ಲಿ ಕಡಿದು, ಗೋಮತಿಯ ಹೆಗಲ ಮೇಲೆ ಕೈಯಿಟ್ಟರು.

“ಹೆದ್ರಬೇಡಿ. ಬೀಗ ಸಮ ಇಲ್ದಿರೆ ಓನರೇ ಹೊಣೆ.”