ನಡುವಿನ ಹದಿನಾಲ್ಕು ಸೆಕೆಂಡು

ಎಲ್ಲದಕ್ಕೂ ಕಾರಣ ಅಂಗೈಯಲ್ಲಿ ಅಡಗುವ ಒಂದು ಪ್ಲಾಸ್ಟಿಕ್ ಡಬ್ಬಿ. ಮೂರನೇ ಹಾಸಿಗೆಯ ಮೇಷ್ಟ್ರ ಮೂತ್ರ ಅದರಲ್ಲಿ ಹತ್ತು ಗಂಟೆಯೊಳಗೆ ಲ್ಯಾಬ್ ಸೇರಿದರೆ ಹೊಸ ನರ್ಸಿಗೆ ನಾಳೆ ರಜೆ. ಅವಳ ತಂಗಿ ಹೆತ್ತು ಹನ್ನೆರಡು ದಿನವಾಗಿತ್ತು. ಮಗುವಿನ ಮುಖವನ್ನು ಅವಳಿನ್ನೂ ಮೊಬೈಲಿನಲ್ಲಷ್ಟೇ ನೋಡಿದ್ದಳು. ಈ ಕೆಲಸ ತಪ್ಪಿಲ್ಲದೆ ಮುಗಿಸಿದರೆ ಹೋಗಿ ಬಾ ಎಂದಿದ್ದರು ಹೆಡ್ ಸಿಸ್ಟರ್.

ನರ್ಸ್ ಕ್ರಮ ವಿವರಿಸಿದಳು. ಕೈ ತೊಳೆಯಬೇಕು, ಒರೆಸಿಕೊಳ್ಳಬೇಕು, ಮೊದಲು ಬಂದದ್ದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು, ಕೊನೆಯದು ಬೇಡ.

ಮೂವತ್ತೈದು ವರ್ಷ ಗಣಿತ ಕಲಿಸಿದ್ದ ಮೇಷ್ಟ್ರು ಕನ್ನಡಕ ಏರಿಸಿದರು. "ಅಲ್ಲಮ್ಮ, ಕೊನೆ ಎಲ್ಲಿ ಅಂತ ಗೊತ್ತಾಗದೆ ನಡು ಎಲ್ಲಿ ಅಂತ ಹೇಗೆ ಹೇಳೋದು?"

"ಅಂದಾಜಿಗೆ ಹಿಡೀರಿ ಸರ್."

ಅಂದಾಜು ಎಂದರೆ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ವಾಚು ಕಟ್ಟಿಕೊಂಡು ಬಚ್ಚಲಿಗೆ ಹೋದವರು ಗೆದ್ದ ಮುಖದಲ್ಲಿ ಹೊರಬಂದರು. ಡಬ್ಬಿ ಖಾಲಿ.

"ಒಟ್ಟು ನಲವತ್ತೆರಡು ಸೆಕೆಂಡು. ಹದಿನಾಲ್ಕರಿಂದ ಇಪ್ಪತ್ತೆಂಟು, ಅದು ನಡು."

"ಹಾಗಾದ್ರೆ ಹಿಡೀರಿ ಸರ್."

"ಈಗ ಎಲ್ಲಿಂದ ಬರುತ್ತೆ?"

ವಾರ್ಡಿಗೆ ವಾರ್ಡೇ ಸಹಾಯಕ್ಕೆ ಇಳಿಯಿತು. ಪಕ್ಕದ ಹಾಸಿಗೆಯ ದರ್ಜಿ ನೀರು ಕುಡಿಸಿದ. ನೀರಿನ ಸದ್ದು ಕೇಳಿದರೆ ತಾನಾಗಿ ಬರುತ್ತದೆಂದು ಲಾರಿ ಡ್ರೈವರ್ ನಲ್ಲಿ ತಿರುಗಿಸಿಟ್ಟ. ಬಂತು, ಆದರೆ ಉಳಿದವರಿಗೆಲ್ಲ. ಬಚ್ಚಲ ಮುಂದೆ ಸಾಲು ಬೆಳೆಯಿತು. ಮೇಷ್ಟ್ರು ಮಾತ್ರ ಬೇಸಿಗೆಯ ಬಾವಿಯಂತೆ ಕೂತು, ನರ್ಸನ್ನು ನೋಡುತ್ತ ಕಾಗದದಲ್ಲಿ ಏನೋ ಗೀಚುತ್ತಿದ್ದರು.

"ಏನ್ ಸರ್ ಬರೀತಿದ್ದೀರಿ?"

"ನಿನ್ನ ಬಗ್ಗೆ. ಹೆಡ್ ಸಿಸ್ಟರಿಗೆ."

ದೂರೇ ಇರಬೇಕು ಎಂದುಕೊಂಡಳು ಅವಳು. ದೂರು ಹೋದರೆ ರಜೆಯ ಕತೆ ಅಲ್ಲಿಗೆ ಮುಗಿಯಿತು. ಹರಿದುಹಾಕಿ ಎಂದು ಕೇಳಿಕೊಂಡರೆ, ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಎಂದರು.

ಹತ್ತಕ್ಕೆ ಹತ್ತು ನಿಮಿಷವಿರುವಾಗ ಮೇಷ್ಟ್ರು ದಿಢೀರನೆ ಎದ್ದರು. ಬಚ್ಚಲೊಳಗಿದ್ದ ಡ್ರೈವರನ್ನು ನರ್ಸ್ ಬಾಗಿಲು ಬಡಿದು ಹೊರಗೆ ಬರಿಸಿದಳು. ಐದು ನಿಮಿಷಕ್ಕೆ ಡಬ್ಬಿ ಬಂತು, ಅರ್ಧ ತುಂಬಿ, ಮುಚ್ಚಳ ಬಿಗಿದು. ಅವಳು ಚೀಟಿ ಅಂಟಿಸಿ, ಹಸುಗೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಓಡಿದಳು. ಲ್ಯಾಬಿನವನು ತೆಗೆದುಕೊಂಡಾಗ ಗಡಿಯಾರದಲ್ಲಿ ಹತ್ತಕ್ಕೆ ಒಂದು ನಿಮಿಷ ಉಳಿದಿತ್ತು.

ಹಿಂತಿರುಗಿದಾಗ ಹೆಡ್ ಸಿಸ್ಟರ್ ಕೈಯಲ್ಲಿ ಆ ಕಾಗದವಿತ್ತು. ಅವಳು ಕಣ್ಣು ಮುಚ್ಚಿದಳು. ಹೆಡ್ ಸಿಸ್ಟರ್ ಗಟ್ಟಿಯಾಗಿ ಓದಿದರು: ತಾನು ಎಷ್ಟು ಪ್ರಶ್ನೆ ಕೇಳಿದರೂ ಈ ಹುಡುಗಿ ಒಮ್ಮೆಯೂ ಸಿಡುಕಲಿಲ್ಲ, ಇಷ್ಟು ತಾಳ್ಮೆಯಿಂದ ಕಲಿಸುವವರನ್ನು ತನ್ನ ಶಾಲೆಯಲ್ಲೂ ಕಂಡಿಲ್ಲ.

ಅವಳು ಕಣ್ಣು ತೆರೆದಳು. ಹೆಡ್ ಸಿಸ್ಟರ್ ನಗುತ್ತಿದ್ದರು.

"ನಾಳೆ ಹನ್ನೊಂದು ಜನಕ್ಕೆ ಇದೇ ಪರೀಕ್ಷೆ ಇದೆ. ನಿನ್ನ ಬಿಟ್ಟು ಇನ್ಯಾರಿಗೆ ಹೇಳಲಿ? ರಜೆ ಮುಂದಿನ ತಿಂಗಳು ನೋಡೋಣಮ್ಮ."

ಮೂರನೇ ಹಾಸಿಗೆಯಲ್ಲಿ ಮೇಷ್ಟ್ರು ಹೆಮ್ಮೆಯಿಂದ ವಾಚು ಬಿಚ್ಚುತ್ತಿದ್ದರು.

"ನಾಳೆಗೆ ಬೇಕಾಗುತ್ತೆ, ಇಟ್ಕೊ ತಾಯಿ."